ಸ್ಕೋರಿನ ಮೇಲಿನ ಅಕ್ಷರಗಳು: ಮ್ಯೂಸ್‌ಸ್ಕೋರ್‌ನಲ್ಲಿ ಟೆಕ್ಸ್ಟ್ ಸ್ಟೈಲ್ ಹೊಂದಿಸಿಕೊಳ್ಳುವ ಬಗೆ

ಸಂಗೀತದ ನೊಟೇಷನ್, ಅಂದರೆ ಸ್ಕೋರ್, ಬರೆಯುವವರು ಸ್ವರಗಳಿಗೆ ತಲೆಕೆಡಿಸಿಕೊಂಡಷ್ಟು ಅಕ್ಷರಗಳಿಗೆ ಕೆಡಿಸಿಕೊಳ್ಳುವುದಿಲ್ಲ. ಪುಟ ಪ್ರಿಂಟಾಗಿ ಸ್ಟ್ಯಾಂಡಿನ ಮೇಲೆ ಕೂತಾಗಲೇ ಎಡವಟ್ಟು ಕಾಣುವುದು. ಶೀರ್ಷಿಕೆ ಪುಟದ ಕಾಲು ಭಾಗ ನುಂಗಿರುತ್ತದೆ, ಸಾಹಿತ್ಯ ಇರುವೆ ಸಾಲಿನ ಹಾಗಿರುತ್ತದೆ, ವೇಗ ಹೇಳುವ ಟೆಂಪೋ ಗುರುತು ಒಂದು ಪುಟದಲ್ಲಿ ದಪ್ಪ, ಇನ್ನೊಂದರಲ್ಲಿ ಓರೆ.

ನಾನೂ ಅದೇ ದಾರಿಯಲ್ಲಿ ಬಂದವನು. ನಾಲ್ಕು ಧ್ವನಿಗಳ ಒಂದು ಸ್ಕೋರಿನಲ್ಲಿ ಸಾಹಿತ್ಯ ಚಿಕ್ಕದಾಯಿತೆಂದು ಒಂದೊಂದೇ ಪದ ಕ್ಲಿಕ್ ಮಾಡಿ ಗಾತ್ರ ಏರಿಸುತ್ತಾ ಎರಡು ಸಂಜೆ ಕಳೆದೆ. ಮೂರನೇ ದಿನ ಫಾಂಟೇ ಬೇರೆ ಬೇಕೆಂದು ಗೊತ್ತಾಯಿತು. ಮತ್ತೆ ಮೊದಲಿನಿಂದ ಶುರು. ಹಾಡುವವರಿಗೆ ಬಿಡಿ ಭಾಗಗಳನ್ನು (ಒಬ್ಬೊಬ್ಬರ ಸಾಲು ಮಾತ್ರ ಇರುವ ಪುಟಗಳನ್ನು) ತೆರೆದರೆ ಅಲ್ಲಿ ಕಂಡಿದ್ದು ಇನ್ನೊಂದು ಬಗೆ. ಆಮೇಲೆ ಗೊತ್ತಾಗಿದ್ದು ಇಷ್ಟೇ: ಆ ಎರಡು ಸಂಜೆಯ ಕೆಲಸ ಒಂದು ಕಿಟಕಿಯಲ್ಲಿ ಎರಡು ನಿಮಿಷದ್ದು. ಒಂದೊಂದು ಪದಕ್ಕೂ ಬಟ್ಟೆ ತೊಡಿಸುವ ಬದಲು, ಆ ಬಗೆಯ ಪದಗಳೆಲ್ಲ ಹೀಗಿರಲಿ ಎಂದು ಒಮ್ಮೆ ಹೇಳಿಬಿಟ್ಟರೆ ಆಯಿತು.

ಇಲ್ಲಿ ಹೇಳುವುದು ನೊಟೇಷನ್ ಬರೆಯುವ ತಂತ್ರಾಂಶ ಮ್ಯೂಸ್‌ಸ್ಕೋರ್ ಬಗ್ಗೆ. ಉಚಿತವಾಗಿ ಸಿಗುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. 2022ರ ಡಿಸೆಂಬರಿನಲ್ಲಿ ಬಂದ 4ನೇ ಆವೃತ್ತಿಯನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ; 2024ರಿಂದ ಅದರ ಹೆಸರು ಮ್ಯೂಸ್‌ಸ್ಕೋರ್ ಸ್ಟುಡಿಯೋ. ಮೆನುವಿನ ಹೆಸರುಗಳನ್ನು ಪರದೆಯ ಮೇಲೆ ಕಾಣುವ ಹಾಗೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಶಾರ್ಟ್‌ಕಟ್‌ಗಳು ವಿಂಡೋಸ್ ಮತ್ತು ಲಿನಕ್ಸ್‌ನವು, ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಕಂಟ್ರೋಲ್ ಬದಲು ಕಮಾಂಡ್ ಒತ್ತಿ.

ಮೊದಲು: ಇದು ಯಾವ ಬಗೆಯ ಟೆಕ್ಸ್ಟ್?

ಫಾಂಟ್ ಮುಟ್ಟುವ ಮುಂಚೆ ಇದನ್ನು ನೋಡಿಕೊಳ್ಳಲೇಬೇಕು. ಮ್ಯೂಸ್‌ಸ್ಕೋರ್‌ಗೆ ಎಲ್ಲ ಬರಹವೂ ಒಂದೇ ಅಲ್ಲ. ಶೀರ್ಷಿಕೆ, ರಚನೆಕಾರರ ಹೆಸರು, ವಾದ್ಯದ ಹೆಸರು, ಟೆಂಪೋ, ಸಾಹಿತ್ಯ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಚಿಹ್ನೆ, ಬೆರಳು ಸಂಖ್ಯೆ, ಬಾರ್ ಸಂಖ್ಯೆ, ಹೀಗೆ ಪ್ರತಿಯೊಂದಕ್ಕೂ ಬೇರೆ ಖಾನೆ, ಬೇರೆ ಸ್ಟೈಲ್. ಎಲ್ಲವನ್ನೂ ಕಂಟ್ರೋಲ್+ಟಿ ಒತ್ತಿ ಸ್ಟಾಫ್ ಟೆಕ್ಸ್ಟ್ (ಸ್ಟಾಫ್ ಅಂದರೆ ಸ್ವರ ಬರೆಯುವ ಐದು ಗೆರೆಗಳ ಸಾಲು) ಆಗಿ ಬರೆಯುವ ಚಾಳಿ ಬಹಳ ಜನಕ್ಕಿದೆ. ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಕಾಟ ಶುರುವಾಗುವುದು ಆಮೇಲೆ.

ಸ್ಟಾಫ್ ಟೆಕ್ಸ್ಟ್ ಆ ಒಂದು ಸಾಲಿಗೆ ಮಾತ್ರ ಸೇರಿದ್ದು. ಪಿಟೀಲಿನ ಸಾಲಿನ ಮೇಲೆ ಬರೆದದ್ದು ಪಿಟೀಲಿನ ಭಾಗದಲ್ಲಷ್ಟೇ ಬರುತ್ತದೆ. ಎಲ್ಲರಿಗೂ ಕಾಣಬೇಕಾದ ಸೂಚನೆಗೆ ಕಂಟ್ರೋಲ್+ಶಿಫ್ಟ್+ಟಿ, ಅಂದರೆ ಸಿಸ್ಟಂ ಟೆಕ್ಸ್ಟ್. ಸ್ಕೋರಿನಲ್ಲಿ ಅದು ಮೇಲಿನ ಸಾಲಿನ ತಲೆಯ ಮೇಲೆ ಕೂತರೂ ಪ್ರತಿ ವಾದ್ಯದ ಭಾಗದಲ್ಲೂ ಪ್ರತ್ಯಕ್ಷವಾಗುತ್ತದೆ. ವೇಗ ಬದಲಾಗುವ ಕಡೆ ಆಲ್ಟ್+ಶಿಫ್ಟ್+ಟಿ ಒತ್ತಿ ಟೆಂಪೋ ಟೆಕ್ಸ್ಟನ್ನೇ ಹಾಕಿ, ಕಂಪ್ಯೂಟರ್ ನುಡಿಸುವಾಗ ವೇಗವೂ ಬದಲಾಗುತ್ತದೆ. ಅಭ್ಯಾಸದಲ್ಲಿ ಜಾಗ ಹೇಳಲು ಬಳಸುವ ರಿಹರ್ಸಲ್ ಗುರುತಿಗೆ ಕಂಟ್ರೋಲ್+ಎಂ, ಸಾಹಿತ್ಯಕ್ಕೆ ಕಂಟ್ರೋಲ್+ಎಲ್, ಕಾರ್ಡ್ ಚಿಹ್ನೆಗೆ ಕಂಟ್ರೋಲ್+ಕೆ.

ಒಂದು ಮೋಸ ಇಲ್ಲಿದೆ. ಟೆಕ್ಸ್ಟ್ ಆರಿಸಿದಾಗ ಪ್ರಾಪರ್ಟೀಸ್ ಫಲಕದಲ್ಲಿ ಟೆಕ್ಸ್ಟ್ ಸ್ಟೈಲ್ ಎಂಬ ಪಟ್ಟಿ ಸಿಗುತ್ತದೆ. ಸ್ಟಾಫ್ ಟೆಕ್ಸ್ಟನ್ನು ಆರಿಸಿ ಅಲ್ಲಿ ಟೆಂಪೋ ಎಂದು ಬದಲಿಸಿದರೆ ಅದು ಟೆಂಪೋ ಥರ ಕಾಣುತ್ತದೆ, ಅಷ್ಟೇ. ವೇಷ ಬದಲಾಯಿತೇ ಹೊರತು ಒಳಗಿರುವುದು ಅದೇ ಸ್ಟಾಫ್ ಟೆಕ್ಸ್ಟ್. ನುಡಿಸುವ ವೇಗ ಬದಲಾಗುವುದಿಲ್ಲ, ಬೇರೆ ಭಾಗಗಳಲ್ಲಿ ಕಾಣುವುದೂ ಇಲ್ಲ. ಹಾಗಾಗಿ ತಪ್ಪು ಬಗೆಯಲ್ಲಿ ಬರೆದದ್ದಿದ್ದರೆ ಅಳಿಸಿ, ಸರಿಯಾದ ಶಾರ್ಟ್‌ಕಟ್ ಒತ್ತಿ ಹೊಸದಾಗಿ ಬರೆಯುವುದೇ ಲೇಸು.

ಸ್ಟೈಲ್ ಕಿಟಕಿಯೊಳಗೆ

ಫಾರ್ಮ್ಯಾಟ್ ಮೆನುವಿನಲ್ಲಿ ಸ್ಟೈಲ್ ತೆರೆಯಿರಿ. ಎಡಗಡೆ ಉದ್ದ ಪಟ್ಟಿ ಬರುತ್ತದೆ. ಅದರಲ್ಲಿ ಟೆಕ್ಸ್ಟ್ ಸ್ಟೈಲ್ಸ್ ಎಂಬ ಪುಟಕ್ಕೆ ಹೋದರೆ ನಡುವೆ ಬಗೆಗಳ ಹೆಸರು, ಬಲಗಡೆ ಅವುಗಳ ಗುಣಗಳು: ಫಾಂಟ್, ಗಾತ್ರ, ಸಾಲಿನ ಅಂತರ, ದಪ್ಪ, ಓರೆ, ಅಡಿಗೆರೆ, ಬಣ್ಣ, ಹೊಂದಿಕೆ, ಆಫ್‌ಸೆಟ್, ಫ್ರೇಮ್. ಒಂದು ಬಗೆಯನ್ನು ಆರಿಸಿ, ಗುಣ ಬದಲಿಸಿ, ಅಪ್ಲೈ ಒತ್ತಿ. ಕಿಟಕಿ ಮುಚ್ಚದೆಯೇ ಹಿಂದಿನ ಸ್ಕೋರ್ ಬದಲಾಗುವುದನ್ನು ನೋಡಬಹುದು. ಕೆಟ್ಟರೆ ಪ್ರತಿ ಗುಣದ ಪಕ್ಕದಲ್ಲಿರುವ ಸಣ್ಣ ರಿಸೆಟ್ ಬಟನ್ ಹಳೆಯ ಸ್ಥಿತಿಗೆ ತರುತ್ತದೆ, ಗಾಬರಿ ಬೇಡ.

ಪುಟದಲ್ಲಿ ನೋಡಿಕೊಂಡೇ ಬದಲಿಸುವುದು ನಿಮಗೆ ಹಿತವೆನಿಸಿದರೆ ಇನ್ನೊಂದು ದಾರಿಯಿದೆ. ಒಂದು ಟೆಕ್ಸ್ಟನ್ನು ಆರಿಸಿ, ಪ್ರಾಪರ್ಟೀಸ್ ಫಲಕದಲ್ಲಿ ಗಾತ್ರವೋ ಫಾಂಟೋ ಸರಿಮಾಡಿ. ಮನಸ್ಸಿಗೆ ಬಂದ ಮೇಲೆ ಆ ಗುಣದ ಪಕ್ಕದ ಮೂರು ಚುಕ್ಕೆ ಒತ್ತಿ, ಈ ಸ್ಕೋರಿಗೆ ಇದೇ ಡೀಫಾಲ್ಟ್ ಆಗಲಿ ಎಂಬ ಆಯ್ಕೆ ಕೊಡಿ. ಆ ಬಗೆಯ ಎಲ್ಲ ಟೆಕ್ಸ್ಟೂ ಒಟ್ಟಿಗೆ ಬದಲಾಗುತ್ತದೆ. ನಾನು ಹೆಚ್ಚಾಗಿ ಬಳಸುವುದು ಇದನ್ನೇ, ಕಣ್ಣೆದುರಿಗೇ ಕಾಣುತ್ತದಲ್ಲ.

ಈಗ ಎಲ್ಲರೂ ಒಮ್ಮೆಯಾದರೂ ಬೀಳುವ ಹಳ್ಳದ ಬಗ್ಗೆ. ಟೆಕ್ಸ್ಟ್ ಸ್ಟೈಲ್ ಪಟ್ಟಿಯಲ್ಲಿ ಸಾಹಿತ್ಯಕ್ಕೆ ಒಂದಲ್ಲ, ಎರಡು ಸಾಲಿವೆ: ಲಿರಿಕ್ಸ್ ಆಡ್ ಲೈನ್ಸ್, ಲಿರಿಕ್ಸ್ ಈವನ್ ಲೈನ್ಸ್. ಬೆಸ ಸಂಖ್ಯೆಯ ಚರಣಗಳಿಗೆ ಒಂದು, ಸಮ ಸಂಖ್ಯೆಯವಕ್ಕೆ ಇನ್ನೊಂದು. ಒಂದರ ಕೆಳಗೊಂದು ನಾಲ್ಕು ಚರಣ ಬಂದಾಗ ಹಾಡುವವರ ಕಣ್ಣು ಸಾಲು ತಪ್ಪದಿರಲೆಂದು, ಬೇಕಿದ್ದವರು ಸಮ ಸಾಲುಗಳನ್ನು ಓರೆಯಾಗಿಸಿಕೊಳ್ಳಲೆಂದು ಮಾಡಿದ ಏರ್ಪಾಡು. ಉದ್ದೇಶವೇನೋ ಒಳ್ಳೆಯದೇ. ಆದರೆ ಆಡ್ ಲೈನ್ಸ್ ಒಂದನ್ನೇ ಬದಲಿಸಿ ಕಿಟಕಿ ಮುಚ್ಚಿದರೆ ಒಂದನೇ ಮತ್ತು ಮೂರನೇ ಚರಣ ಹೊಸ ಫಾಂಟಿನಲ್ಲಿ, ಎರಡು ಮತ್ತು ನಾಲ್ಕು ಹಳೆಯದರಲ್ಲಿ ಉಳಿಯುತ್ತವೆ. ಒಂದೇ ಚರಣದ ಹಾಡಾದರೆ ಇದು ಗೊತ್ತೇ ಆಗುವುದಿಲ್ಲ. ತಿಂಗಳ ನಂತರ ಎರಡನೇ ಚರಣ ಸೇರಿಸಿದಾಗ ಗೊತ್ತಾಗುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸುವ ಅಭ್ಯಾಸ ಇಟ್ಟುಕೊಳ್ಳಿ.

ಸ್ಟೈಲ್ ಬದಲಿಸಿದರೂ ಕೆಲವು ಪದಗಳು ಜಪ್ಪಯ್ಯ ಎಂದರೂ ಕದಲದಿದ್ದರೆ, ಹಿಂದೆ ಯಾವಾಗಲೋ ಅವನ್ನು ಕೈಯಲ್ಲಿ ಬದಲಿಸಿದ್ದೀರಿ ಎಂದರ್ಥ. ಕೈಯಲ್ಲಿ ಮಾಡಿದ್ದಕ್ಕೆ ಸ್ಟೈಲಿಗಿಂತ ಹೆಚ್ಚು ಮರ್ಯಾದೆ. ಫಾರ್ಮ್ಯಾಟ್ ಮೆನುವಿನಲ್ಲಿರುವ ರಿಸೆಟ್ ಟೆಕ್ಸ್ಟ್ ಸ್ಟೈಲ್ ಓವರ್‌ರೈಡ್ಸ್ ಆ ಹಳೆಯ ಕೈಕೆಲಸವನ್ನೆಲ್ಲ ಗುಡಿಸಿಹಾಕುತ್ತದೆ. ಬೇಕೆಂದೇ ಮಾಡಿದ್ದೂ ಗುಡಿಸಿಹೋಗುತ್ತದೆ, ಆದ್ದರಿಂದ ಮೊದಲು ಫೈಲಿನ ಒಂದು ನಕಲು ಉಳಿಸಿಕೊಳ್ಳಿ. ಜಾಗ ಬದಲಿಸಿದ್ದನ್ನು ಮಾತ್ರ ಸರಿಮಾಡಲು ಟೆಕ್ಸ್ಟ್ ಆರಿಸಿ ಕಂಟ್ರೋಲ್+ಆರ್ ಸಾಕು.

ಗಾತ್ರ ತಾನಾಗಿ ಕುಗ್ಗುವುದೇಕೆ

ಸಾಹಿತ್ಯ 10 ಪಾಯಿಂಟ್ ಎಂದು ತೋರಿಸುತ್ತಿದೆ, ಪ್ರಿಂಟಿನಲ್ಲಿ ಮಾತ್ರ ಭೂತಗನ್ನಡಿ ಬೇಕು. ಇದರ ಗುಟ್ಟು ಫಾಲೋ ಸ್ಟಾಫ್ ಸೈಜ್ ಎಂಬ ಚೌಕದಲ್ಲಿದೆ.

ಸ್ವರರೇಖೆಗಳ ನಡುವಿನ ಅಂತರಕ್ಕೆ ಸ್ಟಾಫ್ ಸ್ಪೇಸ್ ಎನ್ನುತ್ತಾರೆ. ಮ್ಯೂಸ್‌ಸ್ಕೋರ್ 4ರಲ್ಲಿ ಅದು ಮೊದಲಿಗೆ 1.75 ಮಿಲಿಮೀಟರ್. ಐದು ಗೆರೆಗಳ ನಡುವೆ ನಾಲ್ಕು ಅಂತರ, ಅಂದರೆ ಸ್ಟಾಫಿನ ಎತ್ತರ 7 ಮಿಲಿಮೀಟರ್. ಹೆಚ್ಚು ವಾದ್ಯಗಳನ್ನು ಒಂದೇ ಪುಟದಲ್ಲಿ ಹಿಡಿಸಲು ಪೇಜ್ ಸೆಟ್ಟಿಂಗ್ಸ್‌ಗೆ ಹೋಗಿ ಇದನ್ನು 1.4 ಮಾಡಿದಿರಿ ಎನ್ನಿ. ಸ್ಟಾಫ್ 5.6 ಮಿಲಿಮೀಟರಿಗೆ ಇಳಿಯಿತು, ಮೊದಲಿನ ಶೇ. 80. ಫಾಲೋ ಸ್ಟಾಫ್ ಸೈಜ್ ಗುರುತು ಹಾಕಿರುವ ಟೆಕ್ಸ್ಟೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ: ನೀವು 10 ಎಂದು ಕೊಟ್ಟದ್ದು ಕಾಗದದ ಮೇಲೆ 8 ಪಾಯಿಂಟ್. ಅಂಕಿ ಬದಲಾಗದ್ದರಿಂದ ಕಿಟಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಹಾಗೆಂದು ಆ ಗುರುತನ್ನು ಎಲ್ಲ ಕಡೆ ತೆಗೆದುಹಾಕಬೇಡಿ. ಬೆರಳು ಸಂಖ್ಯೆ, ಅಭಿವ್ಯಕ್ತಿ ಸೂಚನೆಗಳಂಥವು ಸ್ವರಗಳ ಜೊತೆಗೇ ಕುಗ್ಗಿ ಹಿಗ್ಗುವುದೇ ಸರಿ, ಇಲ್ಲದಿದ್ದರೆ ಚಿಕ್ಕ ಸ್ಟಾಫಿನ ಮೇಲೆ ದೊಡ್ಡ ಅಕ್ಷರ ಹೆಗಲೇರಿದಂತೆ ಕಾಣುತ್ತದೆ. ಶೀರ್ಷಿಕೆಗೆ ಆ ಗುರುತು ಮೊದಲಿನಿಂದಲೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಸಾಹಿತ್ಯದ ವಿಷಯದಲ್ಲಿ ಮಾತ್ರ ನಾನು ಯೋಚಿಸುತ್ತೇನೆ. ಹಾಡುವವರು ಓದಲೇಬೇಕಾದ ಕನಿಷ್ಠ ಗಾತ್ರ ಒಂದಿದ್ದರೆ, ಗುರುತು ತೆಗೆದು ಗಾತ್ರವನ್ನು ಕಟ್ಟಿಹಾಕುವುದು ಒಳ್ಳೆಯದು. ಒಟ್ಟಿನಲ್ಲಿ ಕೆಲಸದ ಕ್ರಮ ಹೀಗಿರಲಿ: ಮೊದಲು ಪುಟದ ಅಳತೆ, ಆಮೇಲೆ ಸ್ಟಾಫ್ ಸ್ಪೇಸ್, ಕೊನೆಗೆ ಅಕ್ಷರ. ತಿರುವುಮುರುವು ಮಾಡಿದರೆ ಎರಡೆರಡು ಸಲ ಮಾಡಬೇಕಾಗುತ್ತದೆ.

ಎರಡು ಥರದ ಫಾಂಟ್

ಸಂಗೀತ ಚಿಹ್ನೆಗಳಿಗೊಂದು ಫಾಂಟ್, ಬರಹಕ್ಕೊಂದು ಫಾಂಟ್. ಚಿಹ್ನೆಗಳ ಫಾಂಟುಗಳಿಗೆ ಸ್ಮಫಲ್ ಎಂಬ ಮಾನದಂಡ 2013ರಲ್ಲಿ ಹೊರಬಂತು. ಯಾವ ಚಿಹ್ನೆ ಯಾವ ಸಂಕೇತಸ್ಥಾನದಲ್ಲಿರಬೇಕು ಎಂದು ಅದು ನಿಗದಿ ಮಾಡಿದ್ದರಿಂದಲೇ ಈಗ ಬ್ರಾವುರಾ, ಲೇಲ್ಯಾಂಡ್ ಮುಂತಾದ ಫಾಂಟುಗಳನ್ನು ಅಂಗಿ ಬದಲಿಸಿದಷ್ಟು ಸುಲಭವಾಗಿ ಬದಲಿಸಬಹುದು. ಮ್ಯೂಸ್‌ಸ್ಕೋರ್‌ನ ಈಗಿನ ಡೀಫಾಲ್ಟ್ ಚಿಹ್ನೆ ಫಾಂಟ್ ಲೇಲ್ಯಾಂಡ್, ಬರಹದ ಫಾಂಟ್ ಎಡ್ವಿನ್. ಎರಡೂ 2021ರಲ್ಲಿ 3.6ನೇ ಆವೃತ್ತಿಯೊಂದಿಗೆ ಬಂದವು.

ಇದು ತಿಳಿದಿದ್ದರೆ ಒಂದು ಗೊಂದಲ ತಪ್ಪುತ್ತದೆ. ಡೈನಾಮಿಕ್ಸ್ ಸ್ಟೈಲಿನಲ್ಲಿ ಫಾಂಟ್ ಬದಲಿಸಿದರೂ ಮೆಲ್ಲಗೆ, ಜೋರಾಗಿ ಎಂದು ಸೂಚಿಸುವ ಪಿಯಾನೋ, ಫೋರ್ಟೆ ಗುರುತುಗಳು ಹಾಗೇ ಇರುತ್ತವೆ. ಅವು ಅಕ್ಷರದಂತೆ ಕಂಡರೂ ಚಿಹ್ನೆ ಫಾಂಟಿನಿಂದ ಬಂದವು. ಟೆಂಪೋ ಗುರುತಿನೊಳಗಿನ ಕಾಲು ಸ್ವರದ ಚಿತ್ರವೂ ಅಂಥದ್ದೇ. ಅವನ್ನು ಬದಲಿಸಬೇಕಿದ್ದರೆ ಸ್ಟೈಲ್ ಕಿಟಕಿಯ ಸ್ಕೋರ್ ಪುಟಕ್ಕೆ ಹೋಗಿ. ಮ್ಯೂಸಿಕಲ್ ಸಿಂಬಲ್ಸ್ ಫಾಂಟ್ ಮತ್ತು ಮ್ಯೂಸಿಕಲ್ ಟೆಕ್ಸ್ಟ್ ಫಾಂಟ್ ಎಂಬ ಎರಡು ಆಯ್ಕೆ ಅಲ್ಲಿವೆ, ಎರಡನ್ನೂ ಒಂದೇ ಕುಟುಂಬದ್ದಾಗಿ ಇಡಿ.

ಸಾಹಿತ್ಯ ಕನ್ನಡದಲ್ಲಿದ್ದರೆ

ಎಡ್ವಿನ್ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಆದರೂ ಕನ್ನಡ ಟೈಪ್ ಮಾಡಿದರೆ ಪರದೆಯಲ್ಲಿ ಕಾಣುತ್ತದೆ, ಏಕೆಂದರೆ ಕಂಪ್ಯೂಟರ್ ತನ್ನ ಹತ್ತಿರವಿರುವ ಬೇರೆ ಕನ್ನಡ ಫಾಂಟನ್ನು ಸದ್ದಿಲ್ಲದೆ ಎರವಲು ತರುತ್ತದೆ. ನಿಮ್ಮ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಬರಬಹುದು, ಗೆಳೆಯರ ಲಿನಕ್ಸ್‌ನಲ್ಲಿ ನೋಟೋ ಬರಬಹುದು. ಅಕ್ಷರದ ಅಗಲ ಬೇರೆಯಾದರೆ ಸ್ವರಗಳ ನಡುವಿನ ಅಂತರವೂ ಬೇರೆ, ಸಾಲು ಮುರಿಯುವ ಜಾಗವೂ ಬೇರೆ, ಕೊನೆಗೆ ಪುಟಗಳ ಸಂಖ್ಯೆಯೇ ಬೇರೆ. ಎರವಲಿಗೆ ಬಿಡದೆ ಲಿರಿಕ್ಸ್‌ನ ಎರಡೂ ಸ್ಟೈಲಿಗೆ ಕನ್ನಡ ಫಾಂಟನ್ನು ನೀವೇ ಹೆಸರಿಸಿ ಕೊಡಿ. ನೋಟೋ ಸೆರಿಫ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ ಉಚಿತವಾಗಿ ಸಿಗುತ್ತವೆ. ಶೀರ್ಷಿಕೆ, ಉಪಶೀರ್ಷಿಕೆ, ರಚನೆಕಾರರ ಹೆಸರು ಕನ್ನಡದಲ್ಲಿದ್ದರೆ ಅವಕ್ಕೂ ಅದೇ ಮಾತು. ಫಾಂಟ್ ಯುನಿಕೋಡ್ ಆಗಿರಬೇಕು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಹಳೆಯ ಕಾಲದ ಫಾಂಟುಗಳಾದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಾಡು ಗಜಿಬಿಜಿಯಾಗುತ್ತದೆ.

ಓರೆ ಅಕ್ಷರ ಬೇಡವೇ ಬೇಡ ಎನ್ನುತ್ತೇನೆ. ಬಹುತೇಕ ಕನ್ನಡ ಫಾಂಟುಗಳಲ್ಲಿ ನಿಜವಾದ ಓರೆ ರೂಪವಿರುವುದಿಲ್ಲ, ಸಾಫ್ಟ್‌ವೇರ್ ನೇರ ಅಕ್ಷರವನ್ನೇ ಬಗ್ಗಿಸಿ ತೋರಿಸುತ್ತದೆ. ದುಂಡಗಿನ ಅಕ್ಷರ ಬಗ್ಗಿದರೆ ಬೀಳುವ ಹಾಗಿರುತ್ತದೆ. ಎಕ್ಸ್‌ಪ್ರೆಷನ್ ಸ್ಟೈಲ್ ಮೊದಲಿಗೆ ಓರೆಯಾಗಿಯೇ ಬರುವುದರಿಂದ, ಅಭಿವ್ಯಕ್ತಿ ಸೂಚನೆಗಳನ್ನು ಕನ್ನಡದಲ್ಲಿ ಬರೆಯುವವರು ಓರೆಯ ಗುಂಡಿಯನ್ನು ಆಫ್ ಮಾಡಿಡಿ.

ಇನ್ನು ಒತ್ತಕ್ಷರಗಳ ಕಥೆ. ಅವು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮೇಲೆ ಏರುತ್ತದೆ. ಎರಡು ಚರಣ ಒಂದರ ಕೆಳಗೊಂದು ಬಂದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದುಂಟು. ಇದನ್ನು ಟೆಕ್ಸ್ಟ್ ಸ್ಟೈಲ್‌ನಲ್ಲಿ ಹುಡುಕಬೇಡಿ. ಸ್ಟೈಲ್ ಕಿಟಕಿಯ ಲಿರಿಕ್ಸ್ ಪುಟದಲ್ಲಿ ಲೈನ್ ಹೈಟ್ ಇದೆ, ಅದನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ಗಾತ್ರವನ್ನೂ ನಾನು 10ರ ಬದಲು 11 ಅಥವಾ 12 ಇಡುತ್ತೇನೆ, ಒತ್ತು ಸ್ಪಷ್ಟವಾಗಿ ಕಾಣಲೆಂದು.

ಪದ ಒಡೆಯುವುದೂ ಒಂದು ಕಲೆಯೇ. ಸಾಹಿತ್ಯ ಬರೆಯುವಾಗ ಹೈಫನ್ ಒತ್ತಿದರೆ ಪದ ಒಡೆದು ಮುಂದಿನ ಸ್ವರಕ್ಕೆ ಹೋಗುತ್ತದೆ, ಸ್ಪೇಸ್ ಒತ್ತಿದರೆ ಪದ ಮುಗಿದು ಮುಂದೆ ಹೋಗುತ್ತದೆ, ಅಂಡರ್‌ಸ್ಕೋರ್ ಒತ್ತಿದರೆ ಒಂದೇ ಅಕ್ಷರ ಹಲವು ಸ್ವರಗಳಿಗೆ ಎಳೆಯುತ್ತದೆ. ಒಂದೇ ಸ್ವರದ ಕೆಳಗೆ ಎರಡು ಪದ ಬೇಕಿದ್ದರೆ ನಡುವೆ ಕಂಟ್ರೋಲ್+ಸ್ಪೇಸ್. ಈಗ ಸೂರ್ಯ ಎಂಬ ಪದವನ್ನು ಎರಡು ಸ್ವರಗಳಿಗೆ ಹಂಚಬೇಕು. ಉಚ್ಚಾರದ ಲೆಕ್ಕ ಹಿಡಿದು ಸೂರ್-ಯ ಎಂದು ಒಡೆದರೆ ಅರ್ಕಾವತ್ತು ಹೋಗಿ, ಅರ್ಧ ರಕಾರ ಒಂಟಿಯಾಗಿ ನಿಲ್ಲುತ್ತದೆ. ಓದುವವರು ಒಂದು ಕ್ಷಣ ತಡವರಿಸುತ್ತಾರೆ. ಸೂ-ರ್ಯ ಎಂದು ಒಡೆದರೆ ಕಣ್ಣಿಗೆ ಪರಿಚಿತ ರೂಪ ಉಳಿಯುತ್ತದೆ. ಬೆಳ್ಳಿಯೂ ಹಾಗೆಯೇ, ಬೆ-ಳ್ಳಿ. ಉಚ್ಚಾರಕ್ಕೆ ತಕ್ಕಂತೆ ಒಡೆಯಬೇಕೆಂದು ವಾದಿಸುವವರಿದ್ದಾರೆ, ಭಾಷೆ ಬಾರದವರಿಗೆ ಹಾಡಿಸುವಾಗ ಅವರ ಮಾತು ಸರಿಯೇ. ಕನ್ನಡ ಓದುವವರಿಗಾದರೆ ಒತ್ತಕ್ಷರ ಒಡೆಯಬೇಡಿ.

ಇಡೀ ಸಾಹಿತ್ಯವನ್ನು ಮೊದಲೇ ಬೇರೆ ಕಡೆ ಹೈಫನ್ ಹಾಕಿ ಟೈಪ್ ಮಾಡಿಟ್ಟುಕೊಂಡರೆ ಇನ್ನೂ ಸುಲಭ. ಕಾಪಿ ಮಾಡಿಕೊಂಡು ಬಂದು, ಮೊದಲ ಸ್ವರ ಆರಿಸಿ ಕಂಟ್ರೋಲ್+ಎಲ್ ಒತ್ತಿ. ಆಮೇಲೆ ಪ್ರತಿ ಸಲ ಕಂಟ್ರೋಲ್+ವಿ ಒತ್ತಿದಾಗಲೂ ಒಂದೊಂದು ತುಣುಕು ಕೂತು, ಕರ್ಸರ್ ಮುಂದಿನ ಸ್ವರಕ್ಕೆ ಜರುಗುತ್ತದೆ. ಕಾಗುಣಿತ ತಿದ್ದುವ ಕೆಲಸವೂ ಮೊದಲೇ ಮುಗಿದಿರುತ್ತದೆ.

ಯಾವ ಖಾನೆಗೂ ಸೇರದವು

ಕೆಲವು ಸೂಚನೆಗಳಿಗೆ ಸಿದ್ಧ ಖಾನೆ ಇರುವುದಿಲ್ಲ. ಉದಾಹರಣೆಗೆ, ಅಭ್ಯಾಸದ ವೇಳೆ ಮಾತ್ರ ಬೇಕಾದ ಟಿಪ್ಪಣಿಗಳು. ಅವಕ್ಕಾಗಿಯೇ ಟೆಕ್ಸ್ಟ್ ಸ್ಟೈಲ್ ಪಟ್ಟಿಯ ಕೊನೆಯಲ್ಲಿ ಯೂಸರ್ ಎಂಬ ಹೆಸರಿನ 12 ಖಾಲಿ ಸ್ಟೈಲುಗಳಿವೆ. ಮೊದಲನೆಯದನ್ನು ಆರಿಸಿ ಬಣ್ಣ ಬೂದು ಮಾಡಿ, ಫ್ರೇಮ್‌ನಲ್ಲಿ ಆಯತ ಆರಿಸಿ, ಅಂಚಿನ ದಪ್ಪ ಮತ್ತು ಒಳ ಅಂತರ ಕೊಡಿ. ಇನ್ನು ಮುಂದೆ ಸ್ಟಾಫ್ ಟೆಕ್ಸ್ಟ್ ಬರೆದು, ಪ್ರಾಪರ್ಟೀಸ್‌ನಲ್ಲಿ ಆ ಸ್ಟೈಲ್ ಕೊಟ್ಟರೆ ಸಾಕು. ಮುಂದೆ ಬಣ್ಣ ಬೇಡವೆನಿಸಿದರೆ ಒಂದೇ ಕಡೆ ಬದಲಿಸಿದರಾಯಿತು.

ಪದದೊಳಗಿನ ಒಂದೆರಡು ಅಕ್ಷರ ಮಾತ್ರ ದಪ್ಪವಾಗಬೇಕಿದ್ದರೆ ಟೆಕ್ಸ್ಟಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಅಷ್ಟು ಭಾಗ ಆರಿಸಿ ಕಂಟ್ರೋಲ್+ಬಿ. ಟೆಕ್ಸ್ಟ್ ಸ್ಟಾಫಿನ ಮೇಲೆ ಬೇಡ, ಕೆಳಗೆ ಬೇಕು ಎಂದರೆ ಎಳೆಯಬೇಡಿ, ಆರಿಸಿ ಎಕ್ಸ್ ಒತ್ತಿ. ಎಳೆದದ್ದು ಪುಟದ ಜೋಡಣೆ ಬದಲಾದಾಗ ಎಲ್ಲೆಲ್ಲೋ ಹೋಗಿ ಕೂರುತ್ತದೆ.

ಪುಟದ ಸಂಖ್ಯೆಗೆ ಸ್ಟೈಲ್ ಕಿಟಕಿಯ ಹೆಡರ್ ಫೂಟರ್ ಪುಟ ನೋಡಿ. ಡಾಲರ್ ಚಿಹ್ನೆಯ ಮುಂದೆ ದೊಡ್ಡಕ್ಷರದ ಪಿ ಹಾಕಿದರೆ ಎಲ್ಲ ಪುಟದಲ್ಲೂ ಸಂಖ್ಯೆ, ಸಣ್ಣಕ್ಷರದ ಪಿ ಹಾಕಿದರೆ ಮೊದಲ ಪುಟ ಬಿಟ್ಟು ಉಳಿದೆಲ್ಲದರಲ್ಲಿ.

ಬಿಡಿ ಭಾಗಗಳು, ಮುಂದಿನ ಸ್ಕೋರುಗಳು

ನನ್ನ ಆ ಎರಡು ಸಂಜೆಯ ಕೆಲಸ ಬಿಡಿ ಭಾಗಗಳಲ್ಲಿ ಏಕೆ ಕಾಣಲಿಲ್ಲ? ಪ್ರತಿ ಭಾಗಕ್ಕೂ ತನ್ನದೇ ಸ್ಟೈಲ್ ಇರುತ್ತದೆ. ಭಾಗಗಳನ್ನು ತೆರೆದಾದ ಮೇಲೆ ಮುಖ್ಯ ಸ್ಕೋರಿನಲ್ಲಿ ಮಾಡಿದ ಸ್ಟೈಲ್ ಬದಲಾವಣೆ ಅಲ್ಲಿಗೆ ತಾನಾಗಿ ಹರಿಯುವುದಿಲ್ಲ. ಯಾವುದಾದರೂ ಒಂದು ಭಾಗವನ್ನು ತೆರೆದು, ಅಲ್ಲಿಂದಲೇ ಸ್ಟೈಲ್ ಕಿಟಕಿಗೆ ಹೋಗಿ ಬದಲಿಸಿ, ಅಪ್ಲೈ ಟು ಆಲ್ ಪಾರ್ಟ್ಸ್ ಒತ್ತಿ. ಒಂದೊಂದನ್ನೇ ತೆರೆಯುವ ಗೋಜಿಲ್ಲ.

ಎಲ್ಲ ಒಪ್ಪವಾದ ಮೇಲೆ ಫಾರ್ಮ್ಯಾಟ್ ಮೆನುವಿನಿಂದ ಸೇವ್ ಸ್ಟೈಲ್ ಕೊಡಿ. ಎಂಎಸ್‌ಎಸ್ ವಿಸ್ತರಣೆಯ ಪುಟ್ಟ ಫೈಲ್ ಉಳಿಯುತ್ತದೆ. ಮುಂದಿನ ಸ್ಕೋರಿನಲ್ಲಿ ಲೋಡ್ ಸ್ಟೈಲ್ ಮಾಡಿದರೆ ಫಾಂಟಿನಿಂದ ಹಿಡಿದು ಲೈನ್ ಹೈಟ್ ತನಕ ಎಲ್ಲವೂ ಬರುತ್ತದೆ. ನಾನು ಎರಡು ಫೈಲ್ ಇಟ್ಟುಕೊಂಡಿದ್ದೇನೆ, ಹಾಡಿಗೊಂದು, ವಾದ್ಯಕ್ಕೊಂದು.

ಬೇರೆ ತಂತ್ರಾಂಶಗಳಲ್ಲೂ ತತ್ವ ಇದೇ, ಹೆಸರು ಬೇರೆ. ಸಿಬೀಲಿಯಸ್‌ನಲ್ಲಿ ಎಡಿಟ್ ಟೆಕ್ಸ್ಟ್ ಸ್ಟೈಲ್ಸ್ ಮತ್ತು ಹೌಸ್ ಸ್ಟೈಲ್, ಡೋರಿಕೋದಲ್ಲಿ ಲೈಬ್ರರಿ ಮೆನುವಿನ ಪ್ಯಾರಾಗ್ರಾಫ್ ಸ್ಟೈಲ್ಸ್ ಮತ್ತು ಫಾಂಟ್ ಸ್ಟೈಲ್ಸ್. ಫಿನಾಲೆಯ ಅಭಿವೃದ್ಧಿ ನಿಲ್ಲಿಸುವುದಾಗಿ 2024ರ ಆಗಸ್ಟಿನಲ್ಲಿ ಅದರ ತಯಾರಕರು ಘೋಷಿಸಿದ ಮೇಲೆ ಬಹಳ ಜನ ಹಳೆಯ ಸ್ಕೋರುಗಳನ್ನು ಮ್ಯೂಸಿಕ್‌ಎಕ್ಸ್‌ಎಂಎಲ್ ಎಂಬ ವಿನಿಮಯದ ಫೈಲ್ ರೂಪದ ಮೂಲಕ ಬೇರೆಡೆಗೆ ಸಾಗಿಸುತ್ತಿದ್ದಾರೆ. ಸ್ವರಗಳು ಬಹುಮಟ್ಟಿಗೆ ಸುರಕ್ಷಿತವಾಗಿ ದಾಟುತ್ತವೆ, ಟೆಕ್ಸ್ಟಿನ ಸ್ಟೈಲ್ ಸಾಮಾನ್ಯವಾಗಿ ದಾಟುವುದಿಲ್ಲ. ಮೊದಲೇ ಹೇಳಿದ ರಿಸೆಟ್ ಮಾಡಿ, ಉಳಿಸಿಟ್ಟ ಸ್ಟೈಲ್ ಫೈಲ್ ಲೋಡ್ ಮಾಡಿ ಶುರು ಮಾಡಿದರೆ ತಲೆನೋವು ಅರ್ಧ ಇಳಿಯುತ್ತದೆ.

ಕಳಿಸುವ ಮುಂಚೆ ಒಂದು ಪುಟ ಪ್ರಿಂಟ್ ತೆಗೆದು ಸ್ಟ್ಯಾಂಡಿನ ಮೇಲಿಟ್ಟು, ನಿಂತು ನುಡಿಸುವಷ್ಟು ದೂರದಿಂದ ಓದಿ. ಪರದೆಯನ್ನು ಶೇ. 150ಕ್ಕೆ ಹಿಗ್ಗಿಸಿಕೊಂಡು ಕೂತಾಗ ಎಲ್ಲವೂ ಚೆಂದವೇ. ಹಾಡುವವರಿಗೆ, ನುಡಿಸುವವರಿಗೆ ಕೊಡುವುದು ಪಿಡಿಎಫ್ ಆಗಿರಲಿ, ಅದರೊಳಗೆ ಫಾಂಟೂ ಅಡಕವಾಗಿ ಹೋಗುತ್ತದೆ. ಸ್ಕೋರ್ ಫೈಲನ್ನೇ ಯಾರಾದರೂ ತಿದ್ದಬೇಕಿದ್ದರೆ, ನೀವು ಬಳಸಿದ ಕನ್ನಡ ಫಾಂಟಿನ ಹೆಸರನ್ನು ಅವರಿಗೆ ಮೊದಲೇ ತಿಳಿಸಿ. ಸ್ಕೋರ್ ಫೈಲಿನ ಜೊತೆ ಫಾಂಟ್ ಹೋಗುವುದಿಲ್ಲ.